ಆಗಸ್ಟ್ 10ರ ಮಾತ್ರೆ: ಡಾಕ್ಟರಮ್ಮನಿಗೆ ನಮ್ಮೂರಿನ ಪ್ರಶ್ನೆಗಳು

ನಿರ್ವಾಹಕರು: ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಹತ್ತಿರ ಬಂದಿದೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಇಂದು ಸಂಜೆ ಏಳು ಗಂಟೆಯಿಂದ ಗುಂಪಿನಲ್ಲಿ ಇರುತ್ತಾರೆ. ಪ್ರಶ್ನೆ ಚಿಕ್ಕದಾಗಿರಲಿ, ವಿಷಯಕ್ಕೆ ಸಂಬಂಧಿಸಿರಲಿ.

ಅಂಗನವಾಡಿ ಕಾರ್ಯಕರ್ತೆ: ನಮಸ್ಕಾರ ಮೇಡಂ. ಒಂದೂವರೆ ವರ್ಷದ ಮಗುವಿಗೆ ಎಷ್ಟು ಕೊಡಬೇಕು? ಕಳೆದ ಸಲ ಒಂದು ಮಗು ವಾಂತಿ ಮಾಡಿಕೊಂಡಿತು. ತಾಯಿ ಎಲ್ಲರೆದುರು ನನ್ನನ್ನು ಬೈದರು.

ಡಾಕ್ಟರ್: ಮಾತ್ರೆಯ ಹೆಸರು ಆಲ್ಬೆಂಡಜೋಲ್. ಒಂದರಿಂದ ಎರಡು ವರ್ಷದವರಿಗೆ ಅರ್ಧ ಮಾತ್ರೆ, ಅಂದರೆ 200 ಮಿ.ಗ್ರಾಂ. ಎರಡು ದಾಟಿದವರಿಂದ 19ರವರೆಗೆ ಪೂರ್ತಿ ಮಾತ್ರೆ, 400 ಮಿ.ಗ್ರಾಂ. ಅರ್ಧ ಮಾತ್ರೆಯನ್ನು ಎರಡು ಚಮಚಗಳ ನಡುವೆ ಒತ್ತಿ ಹಿಟ್ಟಿನಂತೆ ಪುಡಿ ಮಾಡಿ, ಕುಡಿಯುವ ನೀರಿನಲ್ಲಿ ಕಲಸಿ, ಮಗುವನ್ನು ಕೂರಿಸಿಕೊಂಡು ಕುಡಿಸಿ. ಅಳುವ ಮಗುವನ್ನು ಮಲಗಿಸಿ, ಮೂಗು ಹಿಡಿದು ಬಾಯಿಗೆ ಹಾಕಬೇಡಿ, ಉಸಿರು ಕಟ್ಟುತ್ತದೆ. ಜ್ವರ ಇರುವ ಮಗುವಿಗೆ ಆ ದಿನ ಬೇಡ, ಗುಣವಾದ ಮೇಲೆ ಕೊಡೋಣ. ಹುಳು ಹೆಚ್ಚಿರುವ ಮಗುವಿಗೆ ಮಾತ್ರೆ ತೆಗೆದುಕೊಂಡ ಮೇಲೆ ಸ್ವಲ್ಪ ಹೊಟ್ಟೆನೋವು, ವಾಕರಿಕೆ ಬರುವುದುಂಟು. ನಿಮ್ಮ ತಪ್ಪೇನೂ ಇಲ್ಲ. ಆ ತಾಯಿಯನ್ನು ನನ್ನ ಬಳಿ ಕಳುಹಿಸಿ, ನಾನು ಮಾತನಾಡುತ್ತೇನೆ.

ಹೊಸಮನೆ ಗೃಹಿಣಿ: ಮಾತ್ರೆ ಊಟಕ್ಕೆ ಮೊದಲೋ, ನಂತರವೋ?

ಡಾಕ್ಟರ್: ಯಾವಾಗಲಾದರೂ ಆಗುತ್ತದೆ. ಅಗಿದು ನುಂಗಬೇಕು.

ಇಬ್ಬರು ಮಕ್ಕಳ ತಾಯಿ: ಮಗಳು ರಾತ್ರಿ ಹಲ್ಲು ಕಡಿಯುತ್ತಾಳೆ, ಕೆನ್ನೆಯ ಮೇಲೆ ಬಿಳಿ ಮಚ್ಚೆ ಇದೆ. ಸಿಹಿ ಜಾಸ್ತಿ ತಿಂದು ಹುಳುವಾಗಿದೆ ಎಂದು ಅತ್ತೆ ಹೇಳುತ್ತಾರೆ.

ಡಾಕ್ಟರ್: ಹಲ್ಲು ಕಡಿಯುವುದೂ ಬಿಳಿ ಮಚ್ಚೆಯೂ ಹುಳುವಿನ ಗುರುತಲ್ಲ. ಸಿಹಿಯಿಂದ ಹುಳು ಹುಟ್ಟುವುದಿಲ್ಲ. ಮಲ ಬಿದ್ದ ಮಣ್ಣಿನಿಂದ ಬರುತ್ತದೆ. ರಾತ್ರಿ ಗುದದ್ವಾರ ಕೆರೆದುಕೊಳ್ಳುತ್ತಾಳೆಯೇ? ಹಾಗಿದ್ದರೆ ಅದು ದಾರದ ಚೂರಿನಂತಹ ಬೇರೆ ಸಣ್ಣ ಹುಳು. ಆಗ ಮನೆಮಂದಿಯೆಲ್ಲ ಒಂದೇ ದಿನ ಮಾತ್ರೆ ತೆಗೆದುಕೊಂಡು, ಎರಡು ವಾರ ಬಿಟ್ಟು ಮತ್ತೊಮ್ಮೆ ತೆಗೆದುಕೊಳ್ಳಬೇಕು. ಉಗುರು ಕತ್ತರಿಸಿ, ಹಾಸಿಗೆ ಬಟ್ಟೆ ಬಿಸಿನೀರಿನಲ್ಲಿ ಒಗೆಯಿರಿ.

ಕೆಳಗಿನಕೇರಿ ಅಂಗಡಿ: (ಬಂದ ಸಂದೇಶ) ರಾಸಾಯನಿಕ ಮಾತ್ರೆ ಬೇಡ! ಪಪ್ಪಾಯಿ ಬೀಜ, ಬೇವಿನ ರಸ, ಚಿಟಿಕೆ ಕರ್ಪೂರ ಬೆಲ್ಲದಲ್ಲಿ ಕಲಸಿ ಮಕ್ಕಳಿಗೆ ಕೊಟ್ಟರೆ ಒಂದೇ ರಾತ್ರಿಯಲ್ಲಿ ಹುಳುಗಳೆಲ್ಲ ಹೊರಗೆ. ಎಲ್ಲರಿಗೂ ತಲುಪಿಸಿ.

ಡಾಕ್ಟರ್: ಕರ್ಪೂರವನ್ನು ಮಗುವಿನ ಹೊಟ್ಟೆಗೆ ಹಾಕಬೇಡಿ. ಸಣ್ಣ ಪ್ರಮಾಣದಲ್ಲಿಯೇ ಮಕ್ಕಳಿಗೆ ಫಿಟ್ಸ್ ಬರುತ್ತದೆ, ಜೀವ ಹೋಗಬಹುದು. ದಯವಿಟ್ಟು ಆ ಸಂದೇಶ ಅಳಿಸಿ.

ಹೊಸಬಾಳೆ ಕೃಷಿಕ: ಡಾಕ್ಟರಮ್ಮ, ನನ್ನ ತಾಯಿಗೆ 46 ವರ್ಷ. ಶುಂಠಿ ಪಟ್ಟಿಯಲ್ಲಿ, ಅಡಿಕೆ ತೋಟದಲ್ಲಿ ಕೂಲಿ ಕೆಲಸ. ನಾಲ್ಕು ತಿಂಗಳಿಂದ ವಿಪರೀತ ಸುಸ್ತು. ಬಾವಿಯಿಂದ ಮನೆಗೆ ಒಂದು ಕೊಡ ತರುವಷ್ಟರಲ್ಲಿ ಎರಡು ಸಲ ಕೂರುತ್ತಾರೆ. ಸಂಜೆ ಪಾದ ಊದಿಕೊಳ್ಳುತ್ತದೆ. ಹಸಿ ಅಕ್ಕಿ ತಿನ್ನುತ್ತಾರೆ, ಗೋಡೆಯ ಮಣ್ಣು ಕೆರೆದು ತಿನ್ನುವುದನ್ನೂ ನೋಡಿದ್ದೇನೆ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 5.4 ಬಂದಿದೆ. ತಂಗಿಗೆ ಶಾಲೆಯಲ್ಲಿ ಕೊಡುವ ಮಾತ್ರೆಯನ್ನೇ ಅಂಗಡಿಯಿಂದ ತಂದು ಎರಡು ಸಲ ಕೊಟ್ಟೆ. ಟಾನಿಕ್ಕೂ ಮುಗಿಯಿತು. ಮೂರನೇ ಸಲ ಮಾತ್ರೆ ಕೊಡಲೇ?

ಡಾಕ್ಟರ್: ಮಾತ್ರೆಯ ಮಾತು ಆಮೇಲೆ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ತಾಯಿಯನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ರಾತ್ರಿ ಮಲಗಿದಾಗ ಉಸಿರು ಕಟ್ಟಿದರೆ ನಾಳೆಗೂ ಕಾಯಬೇಡಿ, 108ಕ್ಕೆ ಕರೆ ಮಾಡಿ. ಅವರ ವಯಸ್ಸಿಗೆ ಕನಿಷ್ಠ 12 ಇರಬೇಕಾದದ್ದು 5.4ಕ್ಕೆ ಇಳಿದು, ಪಾದವೂ ಊದಿದೆ ಎಂದರೆ ಆ ತೆಳುವಾದ ರಕ್ತವನ್ನು ಮೈಗೆಲ್ಲ ಓಡಿಸಿ ಓಡಿಸಿ ಹೃದಯ ಸೋಲುತ್ತಿದೆ ಎಂಬ ಅನುಮಾನ ನನಗೆ. ಹಸಿ ಅಕ್ಕಿ, ಮಣ್ಣು ತಿನ್ನುವುದು ಕೆಟ್ಟ ಚಟವಲ್ಲ. ಕಬ್ಬಿಣದ ಅಂಶ ಬರಿದಾದ ದೇಹ ಹಾಗೆ ಮಾಡಿಸುತ್ತದೆ. ಅವರನ್ನು ಅದಕ್ಕಾಗಿ ಗದರಬೇಡಿ.

ನನ್ನ ಮೊದಲ ಅನುಮಾನ ಕೊಕ್ಕೆಹುಳು. ಮಳೆಗಾಲದಲ್ಲಿ ಬರಿಗಾಲಿನಲ್ಲಿ ಕುಕ್ಕುರುಗಾಲು ಹಾಕಿ ಕಳೆ ಕೀಳುವಾಗ, ಒದ್ದೆ ಮಣ್ಣಿನಲ್ಲಿರುವ ಕಣ್ಣಿಗೆ ಕಾಣದ ಮರಿಹುಳು ಕಾಲ್ಬೆರಳ ಸಂದಿಯ ಚರ್ಮವನ್ನೇ ಕೊರೆದು ಒಳಗೆ ಹೋಗುತ್ತದೆ. ಅಲ್ಲಿ ಕೆಂಪಾಗಿ ತುರಿಸುತ್ತದೆ. ಕೆಸರಿನ ತುರಿಕೆ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಮರಿ ರಕ್ತದ ಜೊತೆ ಶ್ವಾಸಕೋಶಕ್ಕೆ, ಅಲ್ಲಿಂದ ಗಂಟಲಿಗೆ ಏರಿ, ಕಫದೊಡನೆ ನುಂಗಿಸಿಕೊಂಡು ಸಣ್ಣಕರುಳಿಗೆ ಇಳಿದು, ಕರುಳ ಗೋಡೆಯನ್ನು ಕಚ್ಚಿಕೊಂಡು ವರ್ಷಗಟ್ಟಲೆ ಇರುತ್ತದೆ. ದಕ್ಷಿಣ ಭಾರತದಲ್ಲಿ ಹೆಚ್ಚಾಗಿ ಕಾಣುವ ಜಾತಿಯ ಒಂದು ಹುಳು ದಿನಕ್ಕೆ ಸುಮಾರು 0.03 ಮಿ.ಲೀ. ರಕ್ತ ಹಾಳು ಮಾಡುತ್ತದೆ. ಏನೂ ಅಲ್ಲ ಅನ್ನಿಸುತ್ತದೆ. ನೂರು ಹುಳು ಇದ್ದರೆ ತಿಂಗಳಿಗೆ 90 ಮಿ.ಲೀ. ಹೆಣ್ಣಿಗೆ ಮುಟ್ಟಿನಲ್ಲಿ ಹೋಗುವುದು ಸಾಮಾನ್ಯವಾಗಿ 30ರಿಂದ 40 ಮಿ.ಲೀ. ಅನ್ನ, ಸಾರು ಉಣ್ಣುವ ದೇಹ ಆ ನಷ್ಟವನ್ನು ಎಲ್ಲಿಂದ ತುಂಬಿಕೊಳ್ಳಬೇಕು?

ನೀವು ಕೊಟ್ಟ ಮಾತ್ರೆ ಒಳ್ಳೆಯದೇ. ಆದರೆ ಎಲ್ಲ ಹುಳುವಿನ ಮೇಲೂ ಅದರ ಬಲ ಒಂದೇ ಅಲ್ಲ. ಒಂದು ಸಲ 400 ಮಿ.ಗ್ರಾಂ. ಆಲ್ಬೆಂಡಜೋಲ್ ಕೊಟ್ಟರೆ ದುಂಡುಹುಳು ಇರುವ ನೂರರಲ್ಲಿ ಸುಮಾರು 95 ಜನ ಪೂರ್ತಿ ಮುಕ್ತರಾಗುತ್ತಾರೆ. ಕೊಕ್ಕೆಹುಳುವಿನಲ್ಲಿ ಸುಮಾರು 80, ಚಾಟಿಹುಳುವಿನಲ್ಲಿ 30ರ ಆಸುಪಾಸು. ಹುಳು ಹೋದರೂ ಹೋದ ರಕ್ತ ತಾನಾಗಿ ಬರುವುದಿಲ್ಲ. ಕಬ್ಬಿಣದ ಮಾತ್ರೆಯನ್ನು ರಕ್ತ ಸರಿಹೋದ ಮೇಲೂ ಮೂರು ತಿಂಗಳು ಮುಂದುವರಿಸಬೇಕು. ಮತ್ತೆ ಮರುದಿನವೇ ಅದೇ ಪಟ್ಟಿಗೆ ಬರಿಗಾಲಿನಲ್ಲಿ ಇಳಿದರೆ ಹೊಸ ಹುಳು ಹತ್ತುತ್ತದೆ.

ಹುಳು ಎಂದು ನಾನೂ ಕಣ್ಣುಮುಚ್ಚಿ ಹೇಳುವುದಿಲ್ಲ. ಮಲ ಪರೀಕ್ಷೆ ಆಗಲಿ. ಮುಟ್ಟಿನ ರಕ್ತಸ್ರಾವ ಹೆಚ್ಚಿದೆಯೇ ಎಂದು ಅವರನ್ನೇ ಕೇಳಲಿ, ನಿಮ್ಮೆದುರು ಹೇಳಲಾರರು. ಸೊಂಟನೋವಿಗೆ ಅಂಗಡಿಯ ನೋವಿನ ಮಾತ್ರೆ ನುಂಗುತ್ತಾರೆಯೇ? ಮಲ ಕಪ್ಪಾಗಿ ಹೋಗುತ್ತದೆಯೇ? ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಸೋರಿದರೂ ಹೀಗೆಯೇ ಆಗುತ್ತದೆ.

ಹೊಸಬಾಳೆ ಕೃಷಿಕ: ಸೊಂಟನೋವಿಗೆ ವಾರಕ್ಕೆ ಎರಡು ಮೂರು ಮಾತ್ರೆ ನುಂಗುತ್ತಾರೆ. ಬೆಳಿಗ್ಗೆಯೇ ಹೊರಡುತ್ತೇವೆ.

ಡಾಕ್ಟರ್: ಆ ಮಾತ್ರೆಯ ಹಾಳೆಯನ್ನೂ ಜೊತೆಗೆ ಕೊಂಡೊಯ್ದು ವೈದ್ಯರಿಗೆ ತೋರಿಸಿ.

ನಿವೃತ್ತ ಮೇಷ್ಟ್ರು: ಮೇಡಂ, 2015ರಿಂದ ಶಾಲೆಯಲ್ಲಿ ಮಾತ್ರೆ ಹಂಚಿದವನು ನಾನು. ಮಕ್ಕಳ ತೂಕ ಅಷ್ಟಕ್ಕಷ್ಟೇ. ಇದರಿಂದ ನಿಜಕ್ಕೂ ಪ್ರಯೋಜನವಿದೆಯೇ?

ಡಾಕ್ಟರ್: ಒಳ್ಳೆಯ ಪ್ರಶ್ನೆ. ಉತ್ತರ ಪ್ರದೇಶದ 72 ಬ್ಲಾಕ್‌ಗಳಲ್ಲಿ ಸುಮಾರು 10 ಲಕ್ಷ ಪುಟ್ಟ ಮಕ್ಕಳಲ್ಲಿ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಆರು ತಿಂಗಳಿಗೊಮ್ಮೆ ಆಲ್ಬೆಂಡಜೋಲ್ ಕೊಟ್ಟರೂ ಮಕ್ಕಳ ತೂಕದಲ್ಲಿ, ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಎಲ್ಲ ಮಕ್ಕಳನ್ನೂ ಸೇರಿಸಿ ಸರಾಸರಿ ತೆಗೆದಾಗ ಹಾಗೆ. ಹೊಟ್ಟೆ ತುಂಬ ಹುಳು ಇರುವ ಮಗುವಿಗೆ ಮಾತ್ರ ಈ ಮಾತ್ರೆ ದೊಡ್ಡ ಉಪಕಾರ, ಕರುಳು ಕಟ್ಟುವುದು ತಪ್ಪುತ್ತದೆ. ಆ ಮಗು ಯಾವುದು ಎಂದು ಪರೀಕ್ಷೆಯಿಲ್ಲದೆ ಗೊತ್ತಾಗುವುದಿಲ್ಲ, ಮಾತ್ರೆ ಅಗ್ಗ, ಸುರಕ್ಷಿತ. ಅದಕ್ಕೇ ಎಲ್ಲರಿಗೂ ಕೊಡುವುದು. ಒಂದು ಹೆಣ್ಣು ದುಂಡುಹುಳು ದಿನಕ್ಕೆ ಎರಡು ಲಕ್ಷದಷ್ಟು ಮೊಟ್ಟೆ ಇಡುತ್ತದೆ, ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮಾತ್ರೆ ಹೊಟ್ಟೆಯೊಳಗೆ ಕೆಲಸ ಮಾಡುತ್ತದೆ, ಮಣ್ಣಿನಲ್ಲಿ ಅಲ್ಲ.

ಹೊಳೆಬದಿ ಯುವಕ: ಮಣ್ಣಿನ ವಿಷಯ ಬಂತಲ್ಲ, ಹೇಳಿಯೇ ಬಿಡುತ್ತೇನೆ. ಮೇಲಿನಕೇರಿಯಲ್ಲಿ ಸರ್ಕಾರ ಕಟ್ಟಿಸಿದ ಶೌಚಾಲಯಗಳಲ್ಲಿ ಸೌದೆ ತುಂಬಿದ್ದಾರೆ. ಬೆಳಿಗ್ಗೆ ಎಲ್ಲರೂ ಹೊಳೆದಂಡೆಗೆ.

ನಿವೃತ್ತ ಮೇಷ್ಟ್ರು: ಗುಂಡಿ ತುಂಬಿ ಎರಡು ವರ್ಷವಾಯಿತು, ಪಂಚಾಯಿತಿ ಖಾಲಿ ಮಾಡಿಸಲಿಲ್ಲ. ನೀರಿಲ್ಲ. ಸೌದೆ ತುಂಬದೆ ಇನ್ನೇನು ತುಂಬಬೇಕು?

ಹೊಳೆಬದಿ ಯುವಕ: ನಿಮ್ಮ ಮನೆಯದ್ದೂ ಅದೇ ಕಥೆ ತಾನೆ ಮೇಷ್ಟ್ರೇ.

ನಿವೃತ್ತ ಮೇಷ್ಟ್ರು: ನನ್ನ ಮನೆಯ ವಿಚಾರ ನಿನಗೆ ಬೇಡ. ಅಕ್ಷರ ಕಲಿಸಿದವನ ಹತ್ತಿರ ಮಾತನಾಡುವ ರೀತಿಯೇ ಇದು?

ನಿರ್ವಾಹಕರು: ಇಬ್ಬರೂ ನಿಲ್ಲಿಸಿ.

ಕುರಿ ಸಾಕಣೆ: ನಾನು ಹಾವೇರಿ ಕಡೆಯಿಂದ ಬಂದವನು, 60 ಕುರಿ ಇವೆ. ಕುರಿಗೆ ಕುಡಿಸುವ ಆಲ್ಬೆಂಡಜೋಲ್ ಈಗ ಮೊದಲಿನಂತೆ ಕೆಲಸ ಮಾಡುತ್ತಿಲ್ಲ. ಮನುಷ್ಯರಿಗೂ ಹಾಗೆಯೇ ಆಗುತ್ತದೆಯೇ? ಮನೆಯವರಿಗೂ ಅದೇ ಬಾಟಲಿಯಿಂದ ಕೊಡಬಹುದೇ?

ಡಾಕ್ಟರ್: ಕುರಿಯ ಬಾಟಲಿಯಿಂದ ಮನುಷ್ಯರಿಗೆ ಒಂದು ಹನಿಯೂ ಬೇಡ, ಅದರ ಸಾಂದ್ರತೆಯೇ ಬೇರೆ. ಔಷಧ ಸೋತ ವಿಷಯ ನಿಜ. ಇಡೀ ಹಿಂಡಿಗೆ ಪದೇ ಪದೇ, ತೂಕ ನೋಡದೆ ಕಣ್ಣಳತೆಯಲ್ಲಿ ಕುಡಿಸಿದ ಕಡೆಯೆಲ್ಲ ಕುರಿಯ ಹುಳು ಈ ಔಷಧಕ್ಕೆ ಜಗ್ಗದಂತಾಗಿದೆ. ಮನುಷ್ಯನ ಹುಳುವಿಗೂ ಹಾಗೆ ಆದೀತು ಎಂಬ ಭಯ ನಮಗೂ ಇದೆ. ನಮ್ಮ ಬಳಿ ಇರುವ ಔಷಧಗಳು ಬೆರಳೆಣಿಕೆಯಷ್ಟೇ.

ಬಸ್ ನಿಲ್ದಾಣದ ಹತ್ತಿರದವರು: ನಾಯಿಯ ಹುಳು ಮಕ್ಕಳಿಗೆ ಬರುತ್ತದೆಯೇ?

ತೋಟದ ಕೆಲಸದಾಕೆ: ನಾನು ಐದು ತಿಂಗಳ ಗರ್ಭಿಣಿ. ತಗೊಳ್ಳಬಹುದೇ?

ಡಾಕ್ಟರ್: ಮೊದಲ ಮೂರು ತಿಂಗಳು ಮಾತ್ರ ಬೇಡ. ನಿಮಗೆ ಈಗ ಕೊಡಬಹುದು, ತಾಯಿ ಕಾರ್ಡ್ ಹಿಡಿದು ಗುರುವಾರ ಬನ್ನಿ. ಹಿಂದೆ ಯಾವಾಗಲಾದರೂ ಫಿಟ್ಸ್ ಬಂದಿದ್ದರೆ ಮಾತ್ರೆಗೆ ಮೊದಲು ನನಗೆ ಹೇಳಬೇಕು. ಇದು ಎಲ್ಲರಿಗೂ. ಲಾಡಿಹುಳುವಿನ ಗುಳ್ಳೆ ಮೆದುಳಿನಲ್ಲಿದ್ದರೆ ಈ ಔಷಧದಿಂದ ಮತ್ತೆ ಫಿಟ್ಸ್ ಬರಬಹುದು.

ಕೆಳಗಿನಕೇರಿ ಅಂಗಡಿ: ಊಟಕ್ಕೆ ಮೊದಲು ಕೊಟ್ಟರೆ ಒಳ್ಳೆಯದಂತೆ?

ಡಾಕ್ಟರ್: ಮೇಲೆ ಓದಿ.

ಕೆಳಗಿನಕೇರಿ ಅಂಗಡಿ: ಕೇಳಿದ್ದಕ್ಕೆ ಇಷ್ಟು ಸಿಟ್ಟೇಕೆ? ನಮ್ಮ ಅಜ್ಜಿ ಬೇವಿನ ರಸದಲ್ಲಿಯೇ ಒಂಬತ್ತು ಮಕ್ಕಳನ್ನು ಸಾಕಿದರು.

ಆಶಾ ಕಾರ್ಯಕರ್ತೆ: ಹೆತ್ತವರು ಎಷ್ಟು, ಉಳಿದವರು ಎಷ್ಟು ಎಂಬುದನ್ನೂ ಹೇಳಿ ಅಣ್ಣ. ನೀವು ಕಳುಹಿಸಿದ ಕರ್ಪೂರದ ಸಂದೇಶ ನಮ್ಮ ಬೀದಿಯ ಮೂರು ಗುಂಪುಗಳಿಗೆ ಹೋಗಿದೆ. ಬೆಳಿಗ್ಗೆ ಮನೆ ಮನೆಗೆ ಹೋಗಿ ಬೇಡ ಎಂದು ಹೇಳಬೇಕಾದವಳು ನಾನು.

ಡಾಕ್ಟರ್: ಅದನ್ನು ಇನ್ನೂ ಅಳಿಸಿಲ್ಲ. ನಿರ್ವಾಹಕರೇ, ನೀವೇ ತೆಗೆಯಿರಿ.

ನಿವೃತ್ತ ಮೇಷ್ಟ್ರು: ಒಂದು ಮಾತು ಹೇಳಿ ಮುಗಿಸುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಹೈದರಾಬಾದ್ ಕರ್ನಾಟಕದ ಕಡೆ ಇದ್ದೆ. ಅಲ್ಲಿ ನಾರುಹುಣ್ಣು. ಹುಡುಗನೊಬ್ಬನ ಹಿಮ್ಮಡಿಯಿಂದ ಬಿಳಿ ದಾರದಂತಹ ಹುಳು ಹೊರಗೆ ಬರುತ್ತಿತ್ತು. ಅವನ ತಾಯಿ ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದಿಷ್ಟೇ ಎಳೆಯುತ್ತಿದ್ದಳು, ತುಂಡಾದರೆ ಕಾಲು ಕೊಳೆಯುತ್ತದೆಂದು. ಅದು ಯಾವ ಮಾತ್ರೆಯಿಂದ ಹೋಯಿತು?

ಡಾಕ್ಟರ್: ಯಾವ ಮಾತ್ರೆಯಿಂದಲೂ ಅಲ್ಲ ಮೇಷ್ಟ್ರೇ, ಅದಕ್ಕೆ ಔಷಧವೇ ಇರಲಿಲ್ಲ. ಜನ ಇಳಿದು ನೀರು ತುಂಬುವ ಮೆಟ್ಟಿಲುಬಾವಿಗಳನ್ನು ಬಿಡಿಸಿ ಕೊಳವೆಬಾವಿ ತೋಡಿದರು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದನ್ನು ಕಲಿಸಿದರು. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ಭಾರತ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ತುಂಬಿದ ಶೌಚಾಲಯದ ಗುಂಡಿಗಳ ಪಟ್ಟಿ ಕೊಡಿ. ಪಂಚಾಯಿತಿಗೆ ನಾನೇ ಪತ್ರ ಬರೆಯುತ್ತೇನೆ.

ಹೊಳೆಬದಿ ಯುವಕ: ಪಟ್ಟಿ ನಾನು ಮಾಡುತ್ತೇನೆ.

(ನಾಲ್ಕು ದಿನಗಳ ನಂತರ)

ಹೊಸಬಾಳೆ ಕೃಷಿಕ: ಡಾಕ್ಟರಮ್ಮ, ತಾಯಿಯನ್ನು ದಾಖಲು ಮಾಡಿಕೊಂಡರು. ಮಲದಲ್ಲಿ ಕೊಕ್ಕೆಹುಳುವಿನ ಮೊಟ್ಟೆ ತುಂಬ ಇದೆಯಂತೆ. ಒಂದು ಬಾಟಲಿ ರಕ್ತವನ್ನು ನಿಧಾನವಾಗಿ ಏರಿಸಿದರು. ಈಗ ಎದ್ದು ಕೂತು ಗಂಜಿ ಕುಡಿಯುತ್ತಿದ್ದಾರೆ. ನೋವಿನ ಮಾತ್ರೆ ನಿಲ್ಲಿಸಿದ್ದಾರೆ.

ಡಾಕ್ಟರ್: ಬಹಳ ಸಮಾಧಾನವಾಯಿತು. ಆ ಶುಂಠಿ ಪಟ್ಟಿಯಲ್ಲಿ ಅವರ ಜೊತೆ ಕಳೆ ಕೀಳುವವರು ಎಷ್ಟು ಜನ?

ಹೊಸಬಾಳೆ ಕೃಷಿಕ: ಒಂಬತ್ತು. ಎಲ್ಲರೂ ಹೆಂಗಸರು. ಯಾರೂ 19ರ ಒಳಗಿನವರಲ್ಲ, ಅವರಿಗೆ ಯಾರೂ ಮಾತ್ರೆ ಕೊಟ್ಟಿಲ್ಲ.

ಡಾಕ್ಟರ್: ಗುರುವಾರ ಒಂಬತ್ತು ಜನರನ್ನೂ ಕೇಂದ್ರಕ್ಕೆ ಕರೆತನ್ನಿ. ರಕ್ತ ನೋಡುತ್ತೇನೆ. ಬರುವಾಗ ಕಾಲಿನ ಅಳತೆ ಬರೆದುಕೊಂಡು ಬನ್ನಿ, ತೋಟದ ಯಜಮಾನರಿಗೆ ಬೂಟಿನ ವಿಷಯವಾಗಿ ಫೋನ್ ಮಾಡುತ್ತೇನೆ.