ಅಪ್‌ಡೇಟ್: ಕನ್ನಡದ ಬದಲು ‘????’, ಕಾರಣ ಸಿಕ್ಕಿತು

ಫಾರ್ಮ್‌ನಿಂದ ಮೈಎಸ್‌ಕ್ಯೂಎಲ್ ಡೇಟಾಬೇಸ್‌ಗೆ ಹೋದ ಕನ್ನಡ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆ ಆಗ್ತಿವೆ ಅಂತ ಕೇಳಿದ್ದೆ. ಕನೆಕ್ಷನ್ ಯುಟಿಎಫ್8ಎಂಬಿ4 (ಎಲ್ಲ ಲಿಪಿಗಳನ್ನೂ ಹಿಡಿಸುವ ಅಕ್ಷರ ಸಂಕೇತ) ಆಗಿಯೇ ಇತ್ತು, ಕಾಲಮ್ ಮಾತ್ರ ಹಳೇ ಲ್ಯಾಟಿನ್1, ಅದರಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಸ್ಟ್ರಿಕ್ಟ್ ಮೋಡ್ (ಹಿಡಿಸದ ಡೇಟಾ ಬಂದರೆ ತಡೆಯುವ ಸೆಟ್ಟಿಂಗ್) ಆಫ್ ಇದ್ದದ್ದರಿಂದ ಎರರ್ ಕೊಡದೆ ಸುಮ್ಮನೆ ‘?’ ತುಂಬಿಬಿಟ್ಟಿದೆ.

ನೀವು ಹೇಳಿದಂತೆ ಮೊದಲು ಹೆಕ್ಸ್ ಫಂಕ್ಷನ್ (ಒಳಗೆ ಉಳಿದಿರುವ ಬೈಟುಗಳನ್ನು ತೋರಿಸುತ್ತೆ) ಹಾಕಿ ನೋಡಿದೆ. ‘ಕ’ ಇರಬೇಕಾದ ಕಡೆ ಇ0 ಬಿ2 95 ಬಂದಿದ್ದರೆ ಡೇಟಾ ಭದ್ರ, ಓದುವ ಕನೆಕ್ಷನ್ನಿನದಷ್ಟೇ ತಪ್ಪು. ಬಂದದ್ದು 3ಎಫ್, ಅಂದರೆ ನಿಜವಾದ ‘?’. ಅದು ವಾಪಸ್ ಬರಲ್ಲ, ಮತ್ತೆ ಟೈಪ್ ಮಾಡಬೇಕು.

ಡೇಟಾಬೇಸ್‌ನ ಡೀಫಾಲ್ಟ್ ಬದಲಿಸಿದರೆ ಹಳೇ ಕಾಲಮ್‌ಗಳು ಹಾಗೇ ಉಳೀತವೆ; ಬ್ಯಾಕಪ್ ತೆಗೆದು, ಆಲ್ಟರ್ ಟೇಬಲ್ ಜೊತೆ ‘ಕನ್ವರ್ಟ್ ಟು ಕ್ಯಾರೆಕ್ಟರ್ ಸೆಟ್ ಯುಟಿಎಫ್8ಎಂಬಿ4’ ಕೊಡಬೇಕು. ಬರೀ ಯುಟಿಎಫ್8 ಕೊಟ್ಟರೆ 3 ಬೈಟಿನ ಕನ್ನಡ ಹಿಡಿಸುತ್ತೆ, 4 ಬೈಟಿನ ಇಮೋಜಿ ಹಿಡಿಸಲ್ಲ. ಸ್ಟ್ರಿಕ್ಟ್ ಮೋಡ್ ಈಗ ಆನ್.