‘ಕ್ರ್ಯಾಕ್’ ಎಂಬ ಒಂದೇ ಇಂಗ್ಲಿಷ್ ಪದಕ್ಕೆ ಇಷ್ಟೊಂದು ಅರ್ಥಗಳು ಹೇಗೆ ಬಂದವು?

ಪ್ರಶ್ನೆ: ಸಿಂಧನೂರಿನ ಶಿಕ್ಷಕಿ

ಎಲ್ಲರಿಗೂ ಶರಣು. ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ನನ್ನ ಮಕ್ಕಳಿಗೆ ‘ಕ್ರ್ಯಾಕ್’ ಹೊಸ ಪದವಲ್ಲ. ಗೋಡೆ ಕ್ರ್ಯಾಕ್ ಬಿಟ್ಟಿದೆ ಎನ್ನುತ್ತಾರೆ, ಅಣ್ಣ ನೀಟ್ ಕ್ರ್ಯಾಕ್ ಮಾಡಿದ ಎಂದು ಹೆಮ್ಮೆಪಡುತ್ತಾರೆ, ಜಗಳವಾದಾಗ ‘ಅವನೊಬ್ಬ ಕ್ರ್ಯಾಕ್’ ಎಂದು ಬೈಯುತ್ತಾರೆ. ನಿಘಂಟು ತೆರೆದರೆ ಇವುಗಳ ಜೊತೆಗೆ ಸಿಡಿಲಿನ ಸದ್ದು, ನಸುಕು, ನುರಿತ ಗುರಿಕಾರ, ಚುಟುಕು ಹಾಸ್ಯ, ಒಂದು ಮಾದಕ ವಸ್ತು ಇವೆಲ್ಲವೂ ಸಿಗುತ್ತವೆ. ಇವು ಒಂದೇ ಪದದ ಅರ್ಥಗಳೋ, ಅಥವಾ ಬೇರೆ ಬೇರೆ ಪದಗಳು ಆಕಸ್ಮಿಕವಾಗಿ ಒಂದೇ ರೂಪ ತಾಳಿವೆಯೋ? ಅರ್ಥಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುವುದು ನನಗೆ ಇಷ್ಟವಿಲ್ಲ. ಒಂದು ಅರ್ಥದಿಂದ ಇನ್ನೊಂದಕ್ಕೆ ಹೋಗುವ ದಾರಿಯಿದ್ದರೆ ದಯವಿಟ್ಟು ತಿಳಿಸಿಕೊಡಿ.

ಉತ್ತರ: ಬಳ್ಳಾರಿಯ ನಿವೃತ್ತ ಉಪನ್ಯಾಸಕ

ಮೇಡಂ, ಇವೆಲ್ಲವೂ ಒಂದೇ ಬೇರಿನಿಂದ ಬಂದವು. ಹಳೆಯ ಇಂಗ್ಲಿಷಿನಲ್ಲಿ ‘ಕ್ರಾಕಿಯನ್’ ಎಂಬ ಕ್ರಿಯಾಪದವಿತ್ತು. ಥಟ್ಟನೆ ಗಟ್ಟಿಯಾದ ಸದ್ದು ಮಾಡು ಎಂಬುದಷ್ಟೇ ಅದರ ಅರ್ಥ. ಜರ್ಮನ್ ಭಾಷೆಯ ‘ಕ್ರಾಖೆನ್’, ಡಚ್ ಭಾಷೆಯ ‘ಕ್ರಾಕೆನ್’ ಅದರ ಒಡಹುಟ್ಟುಗಳು. ಬಿರುಕು ಎಂಬ ಅರ್ಥ ಆಮೇಲೆ ಸೇರಿದ್ದು. ಮಕ್ಕಳು ಗೋಡೆಯ ಬಿರುಕನ್ನೇ ಮೊದಲು ಕಂಡಿರುವುದರಿಂದ ಅದೇ ಮೂಲವೆಂದು ತಿಳಿಯುತ್ತಾರೆ. ಆ ಕ್ರಮವನ್ನು ತಿರುಗಿಸಿ ಹೇಳಿದರೆ ಅರ್ಧ ಪಾಠ ಮುಗಿದಂತೆ.

ಬಿರುಕೇ ಇಲ್ಲದ ಕ್ರ್ಯಾಕ್ ಒಂದನ್ನು ಅವರಿಗೆ ತೋರಿಸಿ. ನಮ್ಮ ಓಣಿಗಳಿಗೆ ದುರುಗಮುರುಗಿಯವರು ಬಂದು ಚಾಟಿ ಬೀಸುವುದನ್ನು ಅವರೂ ನೋಡಿರುತ್ತಾರೆ. ಆ ‘ಛಟೀರ್’ ಎಂಬ ಸದ್ದು ಚಾಟಿ ಮೈಗೆ ತಾಗಿದ್ದರಿಂದಲೇ ಬರಬೇಕೆಂದಿಲ್ಲ, ಬರೀ ಗಾಳಿಯಲ್ಲಿ ಬೀಸಿದರೂ ಬರುತ್ತದೆ. ಹಿಡಿಕೆಯ ಕಡೆಯಿಂದ ಹೊರಟ ಬಾಗು ತುದಿಯತ್ತ ಸಾಗಿದಂತೆ, ಹಗ್ಗ ಸಣ್ಣದಾಗುತ್ತಾ ಹೋಗುವುದರಿಂದ ವೇಗ ಹೆಚ್ಚುತ್ತದೆ; ಕೊನೆಗೆ ಅದು ಶಬ್ದದ ವೇಗವನ್ನು, ಎಂದರೆ ಸೆಕೆಂಡಿಗೆ ಸುಮಾರು 340 ಮೀಟರನ್ನು ದಾಟಿದಾಗ ಗಾಳಿಯಲ್ಲಿ ಸಣ್ಣದೊಂದು ಸ್ಫೋಟವಾಗುತ್ತದೆ. ಇಂಗ್ಲಿಷಿನವರು ಇದನ್ನೂ ಕ್ರ್ಯಾಕ್ ಎನ್ನುತ್ತಾರೆ. ಅಲ್ಲಿ ಏನೂ ಒಡೆದಿಲ್ಲ, ಸದ್ದು ಮಾತ್ರ ಇದೆ.

ಒಣಗಿದ ಕಟ್ಟಿಗೆ, ಕಾಯಿಯ ಚಿಪ್ಪು, ಮಡಕೆ ಇವು ಸದ್ದು ಮಾಡುತ್ತಲೇ ಒಡೆಯುತ್ತವೆ. ಹಾಗಾಗಿ ಸದ್ದಿನ ಹೆಸರು ಒಡೆಯುವ ಕ್ರಿಯೆಗೆ ಬಂತು, ಕ್ರಿಯೆಯ ಹೆಸರು ಅದು ಉಳಿಸಿಹೋದ ಗೆರೆಗೆ ಬಂತು. ಗಟ್ಟಿ ಚಿಪ್ಪನ್ನು ಒಡೆದು ತಿರುಳು ತೆಗೆಯುವುದರಿಂದ ಮುಂದಿನ ದಾರಿ ತೆರೆಯಿತು: ತಿಜೋರಿ, ಗುಪ್ತಲಿಪಿ, ಪತ್ತೆಯಾಗದ ಅಪರಾಧ ಪ್ರಕರಣ, ಕೊನೆಗೆ ನಿಮ್ಮ ಮಕ್ಕಳ ನೀಟ್ ಪರೀಕ್ಷೆ. ಬೈಗುಳದ ಕ್ರ್ಯಾಕ್ ಕೂಡ ಒಡೆಯುವುದರಿಂದಲೇ ಬಂದದ್ದು. ಬುದ್ಧಿಯಲ್ಲಿ ಬಿರುಕು ಬಿಟ್ಟಿದೆ ಎಂಬುದು ಅದರ ಭಾವ.

ನನಗೆ ಅತ್ಯಂತ ಪ್ರಿಯವಾದದ್ದು ಎರಡನೆಯ ಕವಲು, ಏಕೆಂದರೆ ಅಲ್ಲಿ ಒಡೆಯುವುದರ ನೆರಳೂ ಇಲ್ಲ. ಗಟ್ಟಿ ಸದ್ದು ಗಟ್ಟಿ ಮಾತಾಯಿತು, ಗಟ್ಟಿ ಮಾತು ಬಡಾಯಿಯಾಯಿತು. ಸ್ಕಾಟ್‌ಲ್ಯಾಂಡಿನಲ್ಲೂ ಉತ್ತರ ಇಂಗ್ಲೆಂಡಿನಲ್ಲೂ ಕ್ರ್ಯಾಕ್ ಎಂದರೆ ಹರಟೆ. ಐರ್ಲೆಂಡಿನವರು ಅದನ್ನೇ ಪಡೆದು, ತಮ್ಮ ಐರಿಶ್ ಭಾಷೆಯ ಕಾಗುಣಿತದಲ್ಲಿ ಬರೆದು, ಗೆಳೆಯರು ಕೂಡಿ ನಕ್ಕು ಕಾಲ ಕಳೆಯುವ ಸಂತೋಷಕ್ಕೆ ಹೆಸರಾಗಿಸಿಕೊಂಡಿದ್ದಾರೆ. ಆ ಕಾಗುಣಿತವನ್ನು ಕಂಡವರು ಅದು ಪುರಾತನ ಐರಿಶ್ ಪದವೆಂದೇ ನಂಬುತ್ತಾರೆ. ಚುಟುಕು ಹಾಸ್ಯವನ್ನು ‘ಕ್ರ್ಯಾಕ್’ ಮಾಡುವುದೂ ಈ ಮಾತಿನ ಕವಲಿಗೇ ಸೇರಿದ್ದು. ಇನ್ನು ಬಡಾಯಿ ಹೊಗಳಿಕೆಯಾಗಿ, ಹೊಗಳಿಕೆಗೆ ತಕ್ಕವನು ‘ಕ್ರ್ಯಾಕ್’ ಗುರಿಕಾರನಾದ, ಆರಿಸಿದ ಸೈನ್ಯ ‘ಕ್ರ್ಯಾಕ್’ ಪಡೆಯಾಯಿತು. ಒಂದೇ ಪದ ಒಬ್ಬನನ್ನು ಹುಚ್ಚನೆಂದೂ ಇನ್ನೊಬ್ಬನನ್ನು ನಿಪುಣನೆಂದೂ ಕರೆಯುವುದು ಹೀಗೆ ಸಾಧ್ಯವಾಯಿತು.

ನಸುಕಿನ ಅರ್ಥದ ಬಗ್ಗೆ ಒಂದು ಎಚ್ಚರಿಕೆ. ಕತ್ತಲೆಯ ಸೀಳಿನಿಂದ ಬೆಳಕು ಇಣುಕುತ್ತದೆ ಎಂದು ವಿವರಿಸಲು ಮನಸ್ಸಾಗುತ್ತದೆ. ಆದರೆ ಇಂಗ್ಲಿಷಿನಲ್ಲಿ ‘ಒಂದು ಕ್ರ್ಯಾಕಿನಲ್ಲಿ’ ಎಂದರೆ ಚಾಟಿಯ ಸದ್ದಿನಷ್ಟು ಹೊತ್ತು, ಒಂದು ಕ್ಷಣ, ಎಂಬ ಬಳಕೆಯಿತ್ತು. ಬೆಳಕು ಹರಿಯುವ ಆ ಕ್ಷಣಕ್ಕೆ ಹೆಸರು ಬಂದದ್ದು ಅದರಿಂದ.

ಉತ್ತರ: ಕೊಪ್ಪಳದ ಕನ್ನಡ ಓದುಗ

ಗುರುಗಳ ವಿವರಣೆಗೆ ನಮ್ಮ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಸಂತೆಯಲ್ಲಿ ಕುಂಬಾರರ ಮುಂದೆ ಕುಳಿತು ಗಡಿಗೆ ಆರಿಸುವ ಹೆಣ್ಣುಮಕ್ಕಳು ಅದನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಬೆರಳ ಗೆಣ್ಣಿನಿಂದ ಹೊಟ್ಟೆಗೆ ಎರಡು ಸಲ ಬಡಿಯುತ್ತಾರೆ. ‘ಠಣ್’ ಎಂದರೆ ಗಟ್ಟಿ ಗಡಿಗೆ. ದನಿ ಮಂಕಾಗಿ ಬಂದರೆ, ಕಣ್ಣಿಗೆ ಗೆರೆ ಕಾಣದಿದ್ದರೂ, ಪಕ್ಕಕ್ಕಿಡುತ್ತಾರೆ. ಗಂಟಲು ಕೆಟ್ಟವನ ದನಿಯನ್ನೂ ನಾವು ಒಡಕು ದನಿ ಎನ್ನುತ್ತೇವೆ. ಸದ್ದು ಮತ್ತು ಬಿರುಕಿನ ನಂಟು ಮಕ್ಕಳಿಗೆ ಮನೆಯಲ್ಲೇ ಸಿಗುತ್ತದೆ.

ನಮ್ಮಲ್ಲಿ ಇಂಥ ವಿಸ್ತಾರ ಬಂದಿರುವುದು ‘ಒಡೆ’ ಎಂಬ ಕ್ರಿಯಾಪದಕ್ಕೆ. ಹಾಲು ಒಡೆಯುತ್ತದೆ, ಮನೆ ಒಡೆಯುತ್ತದೆ, ಗುಟ್ಟು ಒಡೆಯುತ್ತದೆ, ಹೊಲದಲ್ಲಿ ಹತ್ತಿಕಾಯಿ ಒಡೆಯುತ್ತದೆ. ಸದ್ದಿನ ಪದಗಳನ್ನು ಕನ್ನಡ ಬಹುಮಟ್ಟಿಗೆ ಅನುಕರಣಾವ್ಯಯಗಳಾಗಿಯೇ ಇಟ್ಟುಕೊಂಡಿದೆ. ‘ಚಟ್ಟನೆ ಮುರಿಯಿತು’ ಎನ್ನುತ್ತೇವೆಯೇ ಹೊರತು ‘ಚಟ್ಟು’ ಎಂಬ ಕ್ರಿಯಾಪದ ಮಾಡಿಕೊಂಡಿಲ್ಲ. ಇಂಗ್ಲಿಷ್ ಅದೇ ಸದ್ದನ್ನು ರೂಪ ಬದಲಿಸದೆ ನಾಮಪದವಾಗಿಯೂ ಕ್ರಿಯಾಪದವಾಗಿಯೂ ವಿಶೇಷಣವಾಗಿಯೂ ನಡೆಸುತ್ತದೆ. ಅರ್ಥಗಳು ಅಷ್ಟು ಹರಡಲು ಈ ಸಲೀಸುತನ ದೊಡ್ಡ ಕಾರಣವೆಂದು ನನ್ನ ಅಭಿಪ್ರಾಯ. ‘ಗುಡುಗು’ ನಮ್ಮಲ್ಲಿಯ ಅಪವಾದ: ಅದು ಮೋಡದ ಸದ್ದೂ ಹೌದು, ವೇದಿಕೆಯ ಮೇಲೆ ಗುಡುಗುವ ಮುಖಂಡನ ಮಾತೂ ಹೌದು. ಅಜ್ಜಿ ದೃಷ್ಟಿ ತೆಗೆದು ಮುರಿಯುವ ‘ಲಟಿಕೆ’ಯಲ್ಲೂ ಬೆರಳಿನ ಲಟಲಟ ಸದ್ದು ಕೇಳುತ್ತದೆ. ಇಂಥವನ್ನು ಮಕ್ಕಳಿಂದಲೇ ಹುಡುಕಿಸಿ, ಮೇಡಂ.

ಉತ್ತರ: ರಾಯಚೂರಿನ ಕೆಮಿಕಲ್ ಎಂಜಿನಿಯರ್

ಎಲ್ಲವನ್ನೂ ಸದ್ದಿಗೇ ಕಟ್ಟಿಹಾಕಿದರೆ ಮಕ್ಕಳು ಎಡವುವ ಜಾಗಗಳೂ ಇವೆ. ನಮ್ಮ ವೃತ್ತಿಯಲ್ಲಿ ‘ಕ್ರ್ಯಾಕಿಂಗ್’ ಎಂದರೆ ಕಚ್ಚಾ ತೈಲದ ಉದ್ದನೆಯ ಅಣುಗಳನ್ನು ಹೆಚ್ಚಿನ ಶಾಖದಲ್ಲಿ ತುಂಡರಿಸಿ ಪೆಟ್ರೋಲಿನಂಥ ಹಗುರ ಇಂಧನ ಪಡೆಯುವುದು. ರಷ್ಯಾದ ಎಂಜಿನಿಯರ್ ವ್ಲಾದಿಮಿರ್ ಶುಖೋವ್ ಇಂಥ ವಿಧಾನಕ್ಕೆ 1891ರಲ್ಲೇ ಪೇಟೆಂಟ್ ಪಡೆದಿದ್ದರು. ಅಲ್ಲಿ ಸದ್ದೂ ಇಲ್ಲ, ಕಣ್ಣಿಗೆ ಕಾಣುವ ಬಿರುಕೂ ಇಲ್ಲ. ತುಂಡಾಗುವುದು ಎಂಬ ಭಾವವೊಂದೇ ಉಳಿದಿದೆ. ಮೊಬೈಲಿನ ‘ಕ್ರ್ಯಾಕ್ ಆ್ಯಪ್’ ಕೂಡ ಹಾಗೆಯೇ, ಅದು ತಿಜೋರಿ ಒಡೆಯುವುದಕ್ಕೆ ಹತ್ತಿರ. ಕಂಪ್ಯೂಟರಿನ ಬೀಗ ಮುರಿದು ನುಗ್ಗುವವನನ್ನು ‘ಕ್ರ್ಯಾಕರ್’ ಎಂದು ಕರೆಯಲು ಮುಂದಾದವರು ಸ್ವತಃ ಹ್ಯಾಕರ್‌ಗಳೇ. ತಮ್ಮ ಹೆಸರು ಕಳ್ಳರಿಗೆ ಹೋಗಬಾರದೆಂದು 1985ರ ಸುಮಾರಿಗೆ ಅವರು ಈ ಭೇದವನ್ನು ಮಾಡಿದರು. ಪತ್ರಿಕೆಗಳು ಮಾತ್ರ ಅದನ್ನು ಪಾಲಿಸಲಿಲ್ಲ. ಇಂಥ ಅರ್ಥಗಳಿಗೆ ಬಂದಾಗ ‘ಇಲ್ಲಿ ಸದ್ದು ಸತ್ತಿದೆ’ ಎಂದು ನೇರವಾಗಿ ಹೇಳಿಬಿಡುವುದು ಒಳ್ಳೆಯದು.

ಮರುಪ್ರಶ್ನೆ: ಸಿಂಧನೂರಿನ ಶಿಕ್ಷಕಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಚಾಟಿಯ ಸದ್ದಿನಿಂದ ಪಾಠ ಆರಂಭಿಸಿ, ಗಡಿಗೆಯೊಂದನ್ನು ತರಗತಿಗೇ ತರಿಸುತ್ತೇನೆ. ಎರಡು ಸಂದೇಹ ಉಳಿದಿವೆ. ನಿಘಂಟಿನಲ್ಲಿರುವ ಮಾದಕ ವಸ್ತುವಿನ ಅರ್ಥವನ್ನು ಈ ವಯಸ್ಸಿನ ಮಕ್ಕಳಿಗೆ ಹೇಳಬೇಕೇ? ಪರೀಕ್ಷೆ ‘ಕ್ರ್ಯಾಕ್’ ಮಾಡಿದೆ ಎಂದು ಅವರು ಉತ್ತರಪತ್ರಿಕೆಯಲ್ಲಿ ಬರೆದರೆ ಅಂಕ ಕಳೆಯಬೇಕೇ?

ಉತ್ತರ: ಬಳ್ಳಾರಿಯ ನಿವೃತ್ತ ಉಪನ್ಯಾಸಕ

ಹೇಳಿ, ಮೇಡಂ. ಹತ್ತನೆಯ ತರಗತಿಯ ಮಕ್ಕಳು ಸುದ್ದಿಯಲ್ಲಿ ಅದನ್ನು ಕೇಳಿಯೇ ಇರುತ್ತಾರೆ; ನಾವು ಮುಚ್ಚಿಟ್ಟರೆ ಬೇರೆ ಯಾರಿಂದಲೋ ಕಲಿಯುತ್ತಾರೆ. ಅದು ಕೊಕೇನಿನ ಒಂದು ರೂಪ, ಕಾಯಿಸಿದಾಗ ಚಟಚಟ ಎನ್ನುವುದರಿಂದ ಆ ಹೆಸರು ಬಂತು, 1980ರ ದಶಕದಲ್ಲಿ ಅಮೆರಿಕದ ನಗರಗಳಲ್ಲಿ ಎಷ್ಟೋ ಕುಟುಂಬಗಳನ್ನು ಹಾಳುಮಾಡಿತು ಎಂದು ಮೂರು ಮಾತಿನಲ್ಲಿ ಹೇಳಿ ಮುಂದಕ್ಕೆ ಹೋಗಿ.

ಅಂಕ ಕಳೆಯಬೇಡಿ. ಪರೀಕ್ಷೆಯನ್ನು ಕ್ರ್ಯಾಕ್ ಮಾಡುವುದು ಭಾರತದ ಇಂಗ್ಲಿಷಿನಲ್ಲಿ ಬೇರೂರಿದ ಬಳಕೆ, ಅದರ ಹಿಂದಿನ ತರ್ಕವೂ ಸರಿಯಾಗಿದೆ. ಆದರೆ ಅದು ಮಾತಿನ ಭಾಷೆಗೆ ಸೇರಿದ್ದು. ಅರ್ಜಿಯಲ್ಲೋ ಔಪಚಾರಿಕ ಪತ್ರದಲ್ಲೋ ‘ಪಾಸ್’ ಅಥವಾ ‘ಕ್ವಾಲಿಫೈ’ ಎಂದು ಬರೆಯುವ ಅಭ್ಯಾಸ ಮಾಡಿಸಿ, ಉಳಿದ ಕಡೆ ಅವರ ಪಾಡಿಗೆ ಬಿಡಿ.