ಮೆಕ್ಯಾನಿಕಲ್ 94 ಬ್ಯಾಚ್ ಗುಂಪಿನಲ್ಲಿ ನಾರ್ವೆಯ ಗಾಳಿಯಂತ್ರದ ಜಗಳ

ರಮೇಶ, ಚಿತ್ರದುರ್ಗ (ಫಾರ್ವರ್ಡ್): ನಾರ್ವೆಯಲ್ಲಿ 151 ಗಾಳಿಯಂತ್ರ ಕೀಳಬೇಕು ಎಂದು ಗಲಾಟೆ. ಹಿಮಸಾರಂಗಗಳಿಗೆ ತೊಂದರೆಯಂತೆ!

ರಮೇಶ: ಕಲ್ಲಿದ್ದಲು ಬೇಡ, ಅಣೆಕಟ್ಟು ಬೇಡ, ಈಗ ಗಾಳಿಯೂ ಬೇಡ. ಇವರೆಲ್ಲ ಮೊಬೈಲ್ ಚಾರ್ಜ್ ಮಾಡೋದು ಯಾವುದರಿಂದ?

ಸುಮಾ, ಓಸ್ಲೋ: ಅರ್ಧ ಕಥೆ ನುಂಗಿದ್ದಾರೆ ಕಣೋ. 2021ರ ಅಕ್ಟೋಬರ್ 11ರಂದು ಇಲ್ಲಿನ ಸುಪ್ರೀಂ ಕೋರ್ಟಿನ 11 ಜಡ್ಜ್‌ಗಳು ಒಮ್ಮತದಿಂದ ಕೊಟ್ಟ ತೀರ್ಪು ಅದು. ಆ ಯಂತ್ರಗಳಿರುವ ಫೋಸೆನ್ ಪ್ರದೇಶದ ಎರಡು ವಿಂಡ್ ಪಾರ್ಕುಗಳ ಲೈಸೆನ್ಸ್ ಊರ್ಜಿತವಲ್ಲ, ಅಲ್ಲಿ ಹಿಮಸಾರಂಗ ಮೇಯಿಸುವ ಮೂಲನಿವಾಸಿ ಸಾಮಿ ಜನರ ಹಕ್ಕಿಗೆ ಧಕ್ಕೆಯಾಗಿದೆ ಎಂದರು. ತೀರ್ಪು ಬರುವಷ್ಟರಲ್ಲಿ ಯಂತ್ರ ತಿರುಗುತ್ತಿದ್ದವು. ಇವತ್ತಿಗೂ ತಿರುಗುತ್ತಿವೆ.

ರಮೇಶ: ಪರಿಹಾರ ಕೊಟ್ಟು ಮುಗಿಸೋದಲ್ವಾ? ಅದೇನು ಬಡ ದೇಶವೇ?

ಸುಮಾ: ಅದನ್ನೇ ಕೆಳಗಿನ ಕೋರ್ಟು ಹೇಳಿತ್ತು. ಸುಮಾರು 9 ಕೋಟಿ ಕ್ರೋನರ್ ಕೊಡಿ, ಚಳಿಗಾಲದಲ್ಲಿ ಪ್ರಾಣಿಗಳನ್ನು ಬೇಲಿಯೊಳಗೆ ಕೂಡಿ ಮೇವು ಹಾಕಿ ಸಾಕಲಿ ಅಂತ. ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಬಯಲಲ್ಲಿ ಮೇಯಿಸಿಕೊಂಡು ಹೋಗುವುದೇ ಅವರ ಬದುಕು. ಅದನ್ನು ಕೊಟ್ಟಿಗೆ ಸಾಕಣೆ ಮಾಡಿ ದುಡ್ಡು ಕೊಟ್ಟರೆ ಏನು ಉಳಿಯಿತು?

ರಮೇಶ: ಪಕ್ಕದ ಗುಡ್ಡಕ್ಕೆ ಹೋಗಿ ಮೇಯಿಸಲಿ.

ಸುಮಾ: ಅಲ್ಲೇ ಇರೋದು ಗೋಜಲು. ಚಳಿಗಾಲದಲ್ಲಿ ಹಿಮಸಾರಂಗ ತಿನ್ನೋದು ಕಲ್ಲುಹೂವು. ಹೂಂ, ನಾವು ಮಸಾಲೆಗೆ ಹಾಕುವುದರ ಬಳಗದ್ದೇ. ಹಿಮದ ಅಡಿಯಿಂದ ಗೊರಸಿನಲ್ಲಿ ಕೆದಕಿ ತಿನ್ನುತ್ತವೆ. ಹಿಮ ದಪ್ಪವಾದರೆ ಬಾಯಿಗೆ ಸಿಗದು. ಗಾಳಿ ಜೋರಾಗಿ ಬೀಸಿ ಹಿಮ ಹಾರಿಸಿಕೊಂಡು ಹೋಗುವ ಗುಡ್ಡದ ನೆತ್ತಿಯೇ ಬೇಕು. ಕಂಪನಿಗೆ ಬೇಕಾದದ್ದೂ ಅದೇ ನೆತ್ತಿ. ಯಂತ್ರ ಬಂದಮೇಲೆ ಪ್ರಾಣಿಗಳು ಆ ಕಡೆ ಸುಳಿಯಲ್ಲ.

ರಮೇಶ: ಭೂಮಿ ಬಿಸಿಯಾದರೆ ಮೊದಲ ಪೆಟ್ಟು ಆ ಪ್ರಾಣಿಗೇ ಬೀಳೋದು. ಅದನ್ನು ಯಾಕೆ ಹೇಳಲ್ಲ?

ಸುಮಾ: ಹೇಳುತ್ತಾರೆ. ನಡುಚಳಿಯಲ್ಲಿ ಮಳೆ ಬಿದ್ದು ಹಿಮದ ಮೇಲೆ ಗಟ್ಟಿ ಪದರ ಕಟ್ಟುತ್ತೆ, ಕೆದಕಲು ಆಗಲ್ಲ. ಅದಕ್ಕೇ ಒಳ್ಳೆ ಗುಡ್ಡಗಳು ಇನ್ನೂ ಜಾಸ್ತಿ ಬೇಕು ಅಂತಾರೆ. ಅವರ ಪ್ರಶ್ನೆ ಗಾಳಿ ಕರೆಂಟ್ ಬೇಕೋ ಬೇಡವೋ ಅಂತಲ್ಲ. ನಮ್ಮನ್ನು ಕೇಳದೆ ನಮ್ಮ ಗುಡ್ಡವೇ ಯಾಕೆ ಅಂತ.

ಮಂಜುನಾಥ (ಅಡ್ಮಿನ್): ಸ್ನೇಹಿತರೇ, ರಾಜಕೀಯ ಬೇಡ. ಡಿಸೆಂಬರ್ ಗೆಟ್‌ಟುಗೆದರ್‌ಗೆ ಹೆಸರು ಕೊಟ್ಟವರು ನಾಲ್ಕೇ ಜನ.

ಜಗದೀಶ: ಒಂದೇ ಮಾತು ಮಂಜು. ಈ 'ಮೂಲನಿವಾಸಿ', 'ಸ್ವಯಂ ನಿರ್ಣಯ' ಎಲ್ಲ ವಿದೇಶಿ ಎನ್‌ಜಿಒಗಳ ಆಟ. ಇವತ್ತು ಗುಡ್ಡ ಅಂತಾರೆ, ನಾಳೆ ಬೇರೆ ದೇಶ ಅಂತಾರೆ.

ಸುಮಾ: ಸಾಮಿಗಳು ಬೇರೆ ದೇಶ ಕೇಳಿಲ್ಲ ಜಗ್ಗಾ. 1989ರಿಂದ ಅವರದೇ ಚುನಾಯಿತ ಸಂಸತ್ತು ಇದೆ. ನಾರ್ವೆ ಒಡೆಯಿತಾ? ಮೂಲನಿವಾಸಿಗಳ ಹಕ್ಕುಗಳ ಬಗ್ಗೆ 2007ರ ವಿಶ್ವಸಂಸ್ಥೆ ಘೋಷಣೆಯ 46ನೇ ವಿಧಿಯಲ್ಲೇ ದೇಶದ ಅಖಂಡತೆಗೆ ಧಕ್ಕೆ ತರುವಂತಿಲ್ಲ ಎಂದು ಬರೆದಿದೆ. ಪರವಾಗಿ 144 ಓಟು, ಅದರಲ್ಲಿ ನಮ್ಮ ಭಾರತದ್ದೂ ಒಂದು. ವಿರೋಧ ಮಾಡಿದ್ದು ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್. ಆಮೇಲೆ ಆ ನಾಲ್ಕೂ ನಿಲುವು ಬದಲಿಸಿದವು.

ಜಗದೀಶ: ಭಾರತ ಓಟು ಹಾಕಿದ್ದು ಷರತ್ತಿನ ಮೇಲೆ. ಸ್ವಯಂ ನಿರ್ಣಯ ಅನ್ನೋದು ಪರದೇಶದ ಆಳ್ವಿಕೆಯಲ್ಲಿರುವವರಿಗೆ ಮಾತ್ರ ಅಂತ ನಮ್ಮವರು ಅಲ್ಲೇ ಹೇಳಿದ್ದಾರೆ.

ಸುಮಾ: ನಿಜ. 1979ರಿಂದಲೂ ಅದೇ ಮಾತು. ಆದರೆ ಜನರನ್ನು ಕೇಳಿ ಮಾಡುವುದಕ್ಕೆ ಅದು ಅಡ್ಡ ಬರಲಿಲ್ಲವಲ್ಲ. ಗಣಿ ತೋಡಲು ಹೊರಟಿದ್ದ ಒಡಿಶಾದ ನಿಯಮಗಿರಿ ಗುಡ್ಡ ನೆನಪಿದೆಯಾ? 2013ರಲ್ಲಿ ನಮ್ಮ ಸುಪ್ರೀಂ ಕೋರ್ಟೇ ಗ್ರಾಮಸಭೆ ಕೇಳಿ ಎಂದಿತು. ಅಲ್ಲಿನ 12 ಗ್ರಾಮಸಭೆ ಸೇರಿದವು. 12ಕ್ಕೆ 12 ಗಣಿ ಬೇಡ ಎಂದವು. ಗಣಿ ನಿಂತಿತು. ಅದಕ್ಕೆ ಬೇಕಾಗಿದ್ದು ನಮ್ಮದೇ ಅರಣ್ಯ ಹಕ್ಕು ಕಾಯ್ದೆ, ಯಾವ ಎನ್‌ಜಿಒ ಬರೆದದ್ದೂ ಅಲ್ಲ.

ಬಸವರಾಜ, ಗದಗ: ನಮ್ಮ ಹೊಲದಲ್ಲೂ ಫ್ಯಾನ್ ನಿಂತಿವೆ ನೋಡ್ರಪ್ಪಾ. ಕಂಪನಿಯವರು ಮೂರು ಸಲ ಬಂದು ಚಾ ಕುಡಿದು ಹೋದರು. ನಾನು ರೇಟು ಏರಿಸಿದೆ. ಯಾಕೆ? ಉತಾರ ನನ್ನ ಹೆಸರಲ್ಲಿತ್ತು. ಆದರೆ ಆ ಕಡೆ ಗೋಮಾಳದಲ್ಲಿ ಕುರಿ ಮೇಯಿಸುತ್ತಿದ್ದವರ ಮನೆಗೆ ಯಾರೂ ಚಾ ಕುಡಿಯಲು ಹೋಗಲಿಲ್ಲ. ಅವರ ಹತ್ತಿರ ಕಾಗದ ಎಲ್ಲಿದೆ?

ರಮೇಶ: ಬಸು, ಗೋಮಾಳ ಸರ್ಕಾರದ್ದು. ಯಾರನ್ನು ಕೇಳಬೇಕಿತ್ತು?

ಬಸವರಾಜ: ಕುರಿಯವರನ್ನು.

ಸುಮಾ: 2018ರಲ್ಲೇ ಜನಾಂಗೀಯ ತಾರತಮ್ಯದ ವಿಶ್ವಸಂಸ್ಥೆ ಸಮಿತಿ ನಾರ್ವೆಗೆ ಕೆಲಸ ನಿಲ್ಲಿಸಿ ಎಂದು ಕೇಳಿತ್ತು. ಕಟ್ಟೋದು ಕಟ್ಟಿದರು. ಬುಡಕಟ್ಟುಗಳ ಹಕ್ಕಿನ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ (ಐಎಲ್‌ಒ) 169ನೇ ಒಪ್ಪಂದವನ್ನು ಎಲ್ಲರಿಗಿಂತ ಮೊದಲು ಒಪ್ಪಿದ ದೇಶ ಇದು, 1990ರಲ್ಲಿ. ಜಿನೀವಾದಲ್ಲಿ ಭಾಷಣ ಬೇರೆ, ಮನೆಯಲ್ಲಿ ಬೇರೆ.

ಸುಮಾ: ತೀರ್ಪು ಬಂದು 500 ದಿನವಾದಾಗ, 2023ರ ಫೆಬ್ರವರಿಯಲ್ಲಿ, ಸಾಮಿ ಹುಡುಗ ಹುಡುಗಿಯರು ಓಸ್ಲೋದ ಇಂಧನ ಸಚಿವಾಲಯದಲ್ಲಿ ಕುಳಿತರು. ಹಬ್ಬಕ್ಕೆ ಉಡುವ ಬಟ್ಟೆಯನ್ನು ಒಳಮಗ್ಗಲು ಹೊರಗೆ ಮಾಡಿ ತೊಟ್ಟಿದ್ದರು. ಹೊಲಿಗೆ, ದಾರದ ತುದಿ ಎಲ್ಲ ಕಾಣುವ ಹಾಗೆ. ಪ್ರತಿಭಟನೆಗೆ ಅವರು ಹಾಗೆ ಮಾಡುತ್ತಾರೆ. ಆಮೇಲೆ ಸರ್ಕಾರ ಕ್ಷಮೆ ಕೇಳಿತು.

ರಮೇಶ: ಕ್ಷಮೆ ಕೇಳಿ ಕೊನೆಗೆ ಏನಾಯ್ತು? ಯಂತ್ರ ಅಲ್ಲೇ ಇವೆ ಅಂತೀಯ.

ಸುಮಾ: ಹಿಮಸಾರಂಗ ಸಾಕುವ ಸಾಮಿಗಳ ಒಂದು ಗುಂಪಿನ ಜೊತೆ 2023ರ ಡಿಸೆಂಬರ್‌ನಲ್ಲಿ, ಇನ್ನೊಂದರ ಜೊತೆ 2024ರ ಮಾರ್ಚ್‌ನಲ್ಲಿ ರಾಜಿ ಆಯಿತು. ಮೊದಲ ಗುಂಪಿಗೆ ಬೇರೆ ಕಡೆ ಚಳಿಗಾಲದ ಮೇವಿನ ಜಾಗ, ವರ್ಷಾವರ್ಷ ದುಡ್ಡು. ಈ ಲೈಸೆನ್ಸ್ ಅವಧಿ ಮುಗಿದ ಮೇಲೆ ಮುಂದುವರಿಸಬೇಕಾದರೆ ಇವರು ಒಪ್ಪಲೇಬೇಕು.

ರಮೇಶ: ನನ್ನ ಕೇಳಿದರೆ ಆ ಕೊನೆ ಷರತ್ತಿಗೇ ಬೆಲೆ. ಹಳೆ ಯಂತ್ರ ತೆಗೆದು ಅದೇ ನೆತ್ತಿಯ ಮೇಲೆ ದೊಡ್ಡದು ಕೂರಿಸುವುದೇ ಗಾಳಿಯಂತ್ರದವರ, ನಮ್ಮ ಧಂದೆ. ಅಲ್ಲಿ 'ಬೇಡ' ಎನ್ನುವ ಅಧಿಕಾರ ಕೊಟ್ಟರೆ ಕಂಪನಿ ಮೊದಲ ದಿನದಿಂದಲೇ ಬಗ್ಗಿ ನಡೆಯುತ್ತೆ. ಆದರೂ ಕಿತ್ತುಹಾಕಿ ಅನ್ನೋದನ್ನು ನಾನು ಒಪ್ಪಲ್ಲ.

ಬಸವರಾಜ: ನನ್ನ ಕರಾರಿನಲ್ಲಿ ಆ ಮಾತು ಇದೆಯಾ ರಮೇಶಾ?

ರಮೇಶ: ಕೊನೆ ಎರಡು ಪುಟದ ಫೋಟೋ ಹಾಕು. ಇಲ್ಲಿ ಬೇಡ, ನನಗೆ ಬೇರೆ ಕಳಿಸು.

ಮಂಜುನಾಥ (ಅಡ್ಮಿನ್): ಹೆಸರು ಕೊಡಿ ಅಂದೆ.